ಅಂಗೈಯ ಯಂತ್ರಕ್ಕೆ ಒಡೆಯರಾರು?

ವಿದ್ಯಾವಂತರ ನಡುವೆ ಈಚಿನ ವರ್ಷಗಳಲ್ಲಿ ಒಂದು ಅಭಿಪ್ರಾಯವು ಪ್ರಶ್ನಾತೀತವಾದ ಸಿದ್ಧಾಂತದ ಗೌರವವನ್ನು ಪಡೆದು ನೆಲೆನಿಂತಿದೆ. ಮೊಬೈಲು ಫೋನನ್ನು ಒಳಗಿನಿಂದ ನಡೆಯಿಸುವ ಕಾರ್ಯಾಚರಣ ವ್ಯವಸ್ಥೆಗಳ, ಎಂದರೆ ಆಪರೇಟಿಂಗ್ ಸಿಸ್ಟಂಗಳ, ಪೈಪೋಟಿಯು ಎಂದೋ ತೀರ್ಮಾನವಾದ ಸಂಗತಿಯೆಂದೂ, ಗೂಗಲ್ಲಿನ ಆಂಡ್ರಾಯ್ಡ್ ಮತ್ತು ಆಪಲ್ಲಿನ ಐಓಎಸ್ ಎಂಬ ಎರಡು ಉಳಿದು ಮಿಕ್ಕವು ಅಳಿದದ್ದು ಗಿರಾಕಿಗಳ ಇಚ್ಛೆಯಿಂದಲೇ ಆದುದರಿಂದ ಅದರಲ್ಲಿ ಅನ್ಯಾಯದ ಸೋಂಕಿಲ್ಲವೆಂದೂ, ಆ ಎರಡರ ಸ್ಪರ್ಧೆಯೇ ನಮಗೆ ಅಗ್ಗದ ಫೋನನ್ನೂ ಫೋನಿನಲ್ಲಿ ಕನ್ನಡವನ್ನೂ ತಂದುಕೊಟ್ಟಿತೆಂದೂ, ಆದಕಾರಣ ಸರಕಾರವು ತನ್ನ ಸೇವೆಗಳನ್ನೆಲ್ಲ ಗೆದ್ದವರ ಅಂಗಳದಲ್ಲಿಯೇ ಕಟ್ಟಿಕೊಳ್ಳುವುದು ವಿವೇಕವೆಂದೂ ಆ ಅಭಿಪ್ರಾಯದ ಸಾರ. “ಯಾವ ಫೋನಾದರೇನು, ಕೆಲಸ ನಡೆದರೆ ಸಾಕು” ಎಂಬುದು ಅದರ ಆಡುಮಾತಿನ ರೂಪ. ಕಚೇರಿಗಳಲ್ಲಿ, ಸಕಲೇಶಪುರದ ಬಿ. ಎಂ. ರಸ್ತೆಯ ಅಂಗಡಿಗಳಲ್ಲಿ, ಬೆಳೆಗಾರರ ಸಭೆಗಳಲ್ಲಿ ಈ ಮಾತನ್ನು ಕೇಳಿ ಕೇಳಿ ನನ್ನ ತಾಳ್ಮೆ ತೀರಿದೆ. ಈ ಅಭಿಪ್ರಾಯವು ಬುಡದಿಂದ ತುದಿಯವರೆಗೆ ತಪ್ಪು. ತಪ್ಪಾಗಿರುವುದರ ಜೊತೆಗೆ ಅಪಾಯಕಾರಿ. ಅದರ ಅಪಾಯಕ್ಕೆ ಈಡಾಗುತ್ತಿರುವವರು ಸಕಲೇಶಪುರ ಮತ್ತು ಆಲೂರಿನ ಬೆಟ್ಟಸಾಲುಗಳಲ್ಲಿ, ತೋಟದ ಲೈನ್ ಮನೆಗಳಲ್ಲಿಯೂ ಕಾಡಂಚಿನ ಒಂಟಿಮನೆಗಳಲ್ಲಿಯೂ ವಾಸಿಸುವ, ಈ ಚರ್ಚೆಗೆ ಯಾರೂ ಎಂದೂ ಕರೆಯದ ಜನ.

ಮೊದಲು ಗಿರಾಕಿಯ ಇಚ್ಛೆಯೆಂಬ ಮಾತನ್ನು ಪರೀಕ್ಷಿಸೋಣ. ಶುಕ್ರವಾರಸಂತೆಯಿಂದಲೋ ಹೆತ್ತೂರಿನಿಂದಲೋ ಬಸ್ಸು ಹತ್ತಿ ಬಂದು, ತಿಂಗಳುಗಳ ಉಳಿತಾಯವನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಏಳೆಂಟು ಸಾವಿರ ರೂಪಾಯಿಗೆ ಫೋನು ಕೊಳ್ಳುವ ತೋಟದ ಕೆಲಸಗಾರ್ತಿಯ ಮುಂದೆ ಅಂಗಡಿಯವನು ಇಡುವ ಪೆಟ್ಟಿಗೆಗಳ ಮೇಲೆ ಹತ್ತು ಹೆಸರುಗಳಿರಬಹುದು. ಒಳಗಿನ ವ್ಯವಸ್ಥೆ ಮಾತ್ರ ಒಂದೇ. ಎರಡನೆಯ ವ್ಯವಸ್ಥೆಯ ಫೋನು ಆಕೆಯ ಎಷ್ಟೋ ತಿಂಗಳ ಕೂಲಿಯನ್ನು ನುಂಗುವಂಥದು. ಆಕೆಯ ಪಾಲಿಗೆ ಅದು ಇಲ್ಲವೆಂದೇ ಲೆಕ್ಕ. ಭಾರತದಲ್ಲಿ ಬಳಕೆಯಲ್ಲಿರುವ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ಸುಮಾರು 95 ಆಂಡ್ರಾಯ್ಡಿನವೇ ಆಗಿರುವುದಕ್ಕೆ ಮುಖ್ಯ ಕಾರಣ ಇದು. ಎರಡು ಪಕ್ಷಗಳು ಒಂದೇ ಕಣದಲ್ಲಿ ಎದುರುಬದುರು ನಿಂತಾಗಲ್ಲವೆ ಪೈಪೋಟಿ? ಒಬ್ಬನು ಸಿರಿವಂತರ ಮನೆಗಳಲ್ಲಿಯೂ ಇನ್ನೊಬ್ಬನು ಮಿಕ್ಕವರೆಲ್ಲರ ಮನೆಗಳಲ್ಲಿಯೂ ಏಕಾಧಿಪತ್ಯ ನಡೆಸುತ್ತಿದ್ದರೆ ಅದಕ್ಕೆ ಪೈಪೋಟಿಯೆಂಬ ಹೆಸರು ಸಲ್ಲುವುದೆ?

ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಹೊರಡಿಸಿದ ಆದೇಶದಲ್ಲಿ, ಗೂಗಲ್ ಸಂಸ್ಥೆಯು ತನ್ನ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡಿದೆಯೆಂದು ನಿರ್ಣಯಿಸಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಆಂಡ್ರಾಯ್ಡಿನ ಮೂಲ ತಂತ್ರಾಂಶವನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು ಎಂದು ವಾದಿಸುವವರುಂಟು. ಆ ಮಾತು ಅಷ್ಟರಮಟ್ಟಿಗೆ ನಿಜವೂ ಹೌದು. ಆದರೆ ಪ್ಲೇ ಸ್ಟೋರ್ ಇಲ್ಲದ ಫೋನನ್ನು ಕೊಳ್ಳುವವರಿಲ್ಲ. ಪ್ಲೇ ಸ್ಟೋರ್ ಬೇಕೆನ್ನುವ ತಯಾರಕನು ಗೂಗಲ್ಲಿನ ಇತರ ಆ್ಯಪ್‌ಗಳ ಕಟ್ಟನ್ನು ಇಡಿಯಾಗಿ ಹೊರಬೇಕಾಗಿತ್ತು, ಆಂಡ್ರಾಯ್ಡನ್ನು ಮಾರ್ಪಡಿಸಿ ರಚಿಸಿದ ಬೇರೊಂದು ವ್ಯವಸ್ಥೆಯ ಫೋನನ್ನು ಮಾರುವುದಿಲ್ಲವೆಂದು ಕರಾರು ಬರೆದುಕೊಡಬೇಕಾಗಿತ್ತು. ಆಯೋಗವು ದೋಷವೆಂದು ಹಿಡಿದದ್ದು ಈ ಕರಾರುಗಳನ್ನೇ. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿಯು ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿತಾದರೂ ದಂಡವನ್ನು ಎತ್ತಿಹಿಡಿಯಿತು. ಯೂರೋಪಿನ ಆಯೋಗವು 2018ರಲ್ಲಿಯೇ ಇಂಥ ಆರೋಪಗಳ ಮೇಲೆ 434 ಕೋಟಿ ಯೂರೋಗಳ ದಂಡ ಹಾಕಿದ್ದಿತು. ಗಿರಾಕಿಯ ಇಚ್ಛೆಯೊಂದೇ ಗೆಲುವನ್ನು ತಂದುಕೊಡುವಷ್ಟು ಬಲವಾಗಿದ್ದರೆ ಈ ಕರಾರುಗಳು ಏತಕ್ಕೆ ಬೇಕಾದವು? ಎರಡು ಖಂಡಗಳ ಶಾಸನಬದ್ಧ ಸಂಸ್ಥೆಗಳು ವರ್ಷಗಟ್ಟಲೆ ವಿಚಾರಣೆ ನಡೆಯಿಸಿ ಕಂಡುಕೊಂಡದ್ದು ನಮ್ಮ ಸಭೆಗಳಲ್ಲಿ ಮಾತನಾಡುವವರ ಕಿವಿಗೆ ಇನ್ನೂ ಬಿದ್ದಿಲ್ಲವೆ?

ಸೋತವು ಸೋತವು ಎಂದು ಹೇಳುವುದು ಸುಲಭ. 1996ರಲ್ಲಿ ಪಾಮ್ ಸಂಸ್ಥೆಯ ಅಂಗೈ ಗಣಕ ಬಂದಂದಿನಿಂದ ಎಷ್ಟು ವ್ಯವಸ್ಥೆಗಳು ಹುಟ್ಟಿ ಮಡಿದವು! ನಮ್ಮ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ನೋಕಿಯಾ ಸಂಸ್ಥೆಯು 2011ರ ಫೆಬ್ರುವರಿಯಲ್ಲಿ ಸಿಂಬಿಯನ್ನನ್ನು ಕೈಬಿಟ್ಟು ಮೈಕ್ರೋಸಾಫ್ಟಿನ ವಿಂಡೋಸ್ ಫೋನನ್ನು ಅಪ್ಪಿಕೊಂಡಿತು. ಹತ್ತು ವರ್ಷ ತುಂಬುವುದರೊಳಗೆ ಅದೂ ಕಣ್ಮುಚ್ಚಿತು. 2014ರಲ್ಲಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್‌ನ ಫೋನು, 2015ರ ಜನವರಿಯಲ್ಲಿ 5,700 ರೂಪಾಯಿಗೆ ಸ್ಯಾಮ್ಸಂಗಿನ ಟೈಜ಼ನ್ ಫೋನು ಬಂದವು. ಎರಡೂ ಬಡವರ ಹೆಸರು ಹೇಳಿಕೊಂಡೇ ಬಂದವು, ಎರಡೂ ಬಡವರ ಕೈಯಲ್ಲಿಯೇ ಸತ್ತವು. ಮೇಲಣ ಪದರದವನು ಸೋತ ವ್ಯವಸ್ಥೆಯ ಫೋನನ್ನು ಮೇಜಿನ ಖಾನೆಗೆ ಎಸೆದು ಮತ್ತೊಂದನ್ನು ತರಿಸಿಕೊಂಡನು. ಆದರೆ ಒಂದೇ ಫೋನನ್ನು ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗಳು ಹಂಚಿಕೊಳ್ಳುವ ಲೈನ್ ಮನೆಯಲ್ಲಿ ವ್ಯವಸ್ಥೆಯೊಂದರ ಸೋಲು ಎಂದರೆ ಏನೆಂಬುದನ್ನು ಮಾರುಕಟ್ಟೆಯ ಗುಣಗಾನ ಮಾಡುವವರು ಯಾವ ಪುಟದಲ್ಲಿಯೂ ಬರೆದಿಲ್ಲ.

ಅದನ್ನು ಇಲ್ಲಿ ವಿವರವಾಗಿಯೇ ಹೇಳಬೇಕು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಜಿಯೋ ಫೋನ್ ಬಂದಿತು. ನೋಡಲು ಗುಂಡಿಗಳುಳ್ಳ ಕೀಪ್ಯಾಡ್ ಸೆಟ್ಟು. ಒಳಗೆ ಕೈಓಎಸ್ ಎಂಬ ಮೂರನೆಯ ವ್ಯವಸ್ಥೆ. ಮರುವರ್ಷ ಅದರೊಳಕ್ಕೆ ವಾಟ್ಸಾಪೂ ಬಂದಿತು. ಟಚ್ ಫೋನ್ ಕೊಳ್ಳಲಾಗದವರ ಕೈಗೆ, ಓದಲು ಅಷ್ಟಾಗಿ ಬಾರದವರ ಕೈಗೆ ಧ್ವನಿಸಂದೇಶ ಸಿಕ್ಕಿದ್ದು ಅದರಿಂದ. ಇಂಥ ಸಾಧನಕ್ಕೆ ಕಾಡಾನೆಗಳ ನಡುವೆ ಬಾಳುವ ಸೀಮೆಯಲ್ಲಿ ಬೆಲೆ ಕಟ್ಟುವವರಾರು? ಪಾಳ್ಯ, ಮಗ್ಗೆ, ಕೆಂಚಮ್ಮನ ಹೊಸಕೋಟೆ, ಯಸಳೂರು, ಹಾನುಬಾಳುಗಳ ಸುತ್ತ ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಬೆಳಗಿನ ಮಂಜು ಕರಗುವುದಕ್ಕೆ ಮುಂಚೆಯೇ ಆಳುಗಳು ತೋಟಕ್ಕೆ ಇಳಿಯಬೇಕು. ಹತ್ತು ಮಾರು ಮುಂದೆ ನಿಂತ ಆನೆ ರೊಬಸ್ಟಾ ಗಿಡಗಳ ಮರೆಯಲ್ಲಿ ಕಾಣುವುದಿಲ್ಲ. ಕಂಡಾಗ ಓಡಲು ಎಡೆಯಿರುವುದಿಲ್ಲ. ದಸರೆಯ ಅಂಬಾರಿ ಹೊತ್ತು ನಡೆದ ಸಾಕಾನೆ ಅರ್ಜುನನೇ, ಮಾವುತರೂ ಅರಣ್ಯ ಸಿಬ್ಬಂದಿಯೂ ಸುತ್ತಲಿರುವಾಗಲೇ, 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡುತ್ತ ಮಡಿದನು. ಹೀಗಿರುವಲ್ಲಿ ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡ ಹೆಂಗಸಿಗೆ ಇರುವ ರಕ್ಷಣೆ ಒಂದೇ: ಆನೆ ಇಂದು ಯಾವ ತೋಟದಲ್ಲಿದೆ ಎಂಬ ಸುದ್ದಿ, ಅದೂ ಸಮಯಕ್ಕೆ ಸರಿಯಾಗಿ. ಅರಣ್ಯ ಇಲಾಖೆಯವರು ಆ ಸುದ್ದಿಯನ್ನು ಎಸ್ಸೆಮ್ಮೆಸ್ಸಿನ ಮೂಲಕವೂ ಕರೆಯ ಮೂಲಕವೂ ತಿಳಿಸುತ್ತಾರೆ. ಆದರೆ ಈಗಷ್ಟೇ ರಸ್ತೆ ದಾಟಿದ ಹಿಂಡಿನ ಚಿತ್ರ, ಅದು ಹೊರಟ ದಿಕ್ಕು, ಪಕ್ಕದ ತೋಟದ ರೈಟರು ಉಸಿರು ಬಿಗಿಹಿಡಿದು ಹೇಳಿದ ಮಾತು, ಇವೆಲ್ಲ ಹರಿದಾಡುವುದು ವಾಟ್ಸಾಪ್ ಗುಂಪುಗಳಲ್ಲಿ. 2024ರ ಜೂನ್ ತಿಂಗಳಲ್ಲಿ ಕೈಓಎಸ್ ಫೋನುಗಳಿಗೆ ಹೊಸದಾಗಿ ವಾಟ್ಸಾಪ್ ಸಿಗುವುದು ನಿಂತಿತು. 2025ರ ಆರಂಭದ ವೇಳೆಗೆ ಇದ್ದವರಿಗೂ ತಪ್ಪಿತು. ಫೋನು ಕೆಟ್ಟಿರಲಿಲ್ಲ, ಬ್ಯಾಟರಿ ಸತ್ತಿರಲಿಲ್ಲ, ರೀಚಾರ್ಜೂ ಮುಗಿದಿರಲಿಲ್ಲ. ಸಾವಿರಾರು ಮೈಲಿಯಾಚೆಯ ಒಂದು ಕಚೇರಿಯಲ್ಲಿ, ಈ ವ್ಯವಸ್ಥೆಯ ಜನ ಇನ್ನು ಲಾಭಕ್ಕೆ ಒದಗರೆಂಬ ಎಣಿಕೆಯಾಯಿತು. ಇಲ್ಲಿ ಒಂದು ಮನೆಗೆ ಆನೆಯ ಆ ಕ್ಷಣದ ಸುದ್ದಿ ಬರುವುದು ನಿಂತಿತು. “ಯಾವ ಫೋನಾದರೇನು” ಎಂದು ಕೇಳುವವರು ಆ ಮನೆಯ ಜಗಲಿಯ ಮೇಲೆ ಕುಳಿತು ಆ ಪ್ರಶ್ನೆಯನ್ನು ಕೇಳುವ ಧೈರ್ಯ ಮಾಡುವರೆ?

ಖಾಸಗಿ ಸಂಸ್ಥೆ ಲಾಭ ನೋಡುವುದು ಸಹಜವೆನ್ನಬಹುದು. ಹಾಗಾದರೆ ಸರಕಾರದ ಧರ್ಮವೇನು? 2020ರ ಮುಂಗಾರಿನಲ್ಲಿ ರಾಜ್ಯ ಸರಕಾರವು ರೈತನೇ ತನ್ನ ಬೆಳೆಯ ವಿವರವನ್ನು ದಾಖಲಿಸಲೆಂದು ಬೆಳೆ ಸಮೀಕ್ಷೆಯ ಆ್ಯಪನ್ನು ತಂದಿತು. ಉದ್ದೇಶ ಉತ್ತಮವಾದದ್ದು, ಬೆಳೆವಿಮೆಗೂ ನಷ್ಟ ಪರಿಹಾರಕ್ಕೂ ಪಹಣಿಯ ನಮೂದಿಗೂ ಆ ದಾಖಲೆಯೇ ಆಧಾರ. ಆದರೆ ಅದನ್ನು ಪಡೆಯುವ ದಾರಿಯಾಗಿ ಪ್ರಕಟಣೆಗಳು ತೋರಿಸಿದ್ದು ಆಂಡ್ರಾಯ್ಡ್ ಫೋನನ್ನು, ಗೂಗಲ್ ಪ್ಲೇ ಸ್ಟೋರನ್ನು. ಆ ಬಗೆಯ ಫೋನಿಲ್ಲದವನು, ಸಮೀಕ್ಷೆಗೆಂದು ಗೊತ್ತುಮಾಡಿದ ‘ಖಾಸಗಿ ನಿವಾಸಿ’ ಎಂಬ ಊರಿನವನ ನೆರವನ್ನು ಕಾಯಬೇಕು. ಕಾಫಿ, ಮೆಣಸು, ಏಲಕ್ಕಿ, ತಗ್ಗಿನ ಗದ್ದೆಯ ಭತ್ತ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುವ ಮಲೆನಾಡಿನ ಹಿಡುವಳಿಯನ್ನು ಆತ ಕಂಡಂತೆ ಬರೆಯಬೇಕು. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಕೂಲಿಗಳ ಹಾಜರಿಯನ್ನು ಫೋನಿನಲ್ಲಿ ದಿನಕ್ಕೆ ಎರಡು ಬಾರಿ ಚಿತ್ರಸಹಿತ ದಾಖಲಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಅಂಗನವಾಡಿಯ ತೂಕ, ಊಟಗಳ ಲೆಕ್ಕವೂ ಆ್ಯಪಿಗೆ ಸೇರಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ, ತಕ್ಕ ಸಲಕರಣೆಗಳನ್ನು ಒದಗಿಸದೆ ಹತ್ತಾರು ಆ್ಯಪ್‌ಗಳ ಕೆಲಸವನ್ನು ತಮ್ಮ ಮೇಲೆ ಹೇರಲಾಗಿದೆಯೆಂಬುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿದ್ದಿತು. ಅವರ ದೂರನ್ನು ನಾವು ನೌಕರರ ಗೋಳೆಂದು ಓದಿ ಪುಟ ಮಗುಚಿದೆವು. ಅದರ ಹಿಂದಿದ್ದ ಪ್ರಶ್ನೆ ನಾಡಿನದು: ಪ್ರಜೆಯು ತನ್ನ ಹೊಲದ, ಕೂಲಿಯ, ಮಗುವಿನ ಅನ್ನದ ಹಕ್ಕನ್ನು ಪಡೆಯಲು ಇಂಥದೇ ಸಂಸ್ಥೆಯ, ಇಂಥದೇ ಆವೃತ್ತಿಯ ವ್ಯವಸ್ಥೆಯ ಗಿರಾಕಿಯಾಗಿರಬೇಕೆಂದು ಯಾವ ಶಾಸನಸಭೆ ನಿರ್ಣಯ ಮಾಡಿತು?

ಆವೃತ್ತಿಯೆಂದೆ, ಅದರ ಕ್ರೌರ್ಯವನ್ನು ಗಮನಿಸಬೇಕು. ಅಗ್ಗದ ಫೋನಿಗೆ ತಯಾರಕರು ಹೊಸ ಆವೃತ್ತಿಗಳನ್ನು ಒದಗಿಸುವುದು ಎರಡು ಮೂರು ವರ್ಷ. ಬಳಿಕ ಬ್ಯಾಂಕಿನ ಆ್ಯಪ್ ಒಂದು ದಿನ ತೆರೆಯಲೊಲ್ಲದು, ಮತ್ತೊಂದು ದಿನ ಸರಕಾರದ್ದೇ ಆ್ಯಪ್ “ಈ ಸಾಧನಕ್ಕೆ ಹೊಂದದು” ಎನ್ನುವುದು. ಯಂತ್ರವು ಗಟ್ಟಿಮುಟ್ಟಾಗಿರುವಾಗಲೇ ಅದನ್ನು ಮುದಿಯೆಂದು ಸಾರುವ ಅಧಿಕಾರ ಮಾರಿದವನ ಕೈಯಲ್ಲಿಯೇ ಉಳಿಯುತ್ತದೆ. ಯೂರೋಪಿನ ಒಕ್ಕೂಟವು 2025ರ ಜೂನ್ 20ರಿಂದ ಜಾರಿಗೆ ತಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅದಕ್ಕೆ ಆವೃತ್ತಿ ಪರಿಷ್ಕಾರಗಳು ದೊರೆಯತಕ್ಕದ್ದು. ಶ್ರೀಮಂತ ದೇಶಗಳ ಪ್ರಜೆಗೆ ಬೇಕಾದ ಈ ರಕ್ಷಣೆ ಆಲೂರಿನ ಕೂಲಿಕಾರನಿಗೆ ಬೇಡವೆ?

ಇನ್ನು, ಕನ್ನಡವನ್ನು ತಂದುಕೊಟ್ಟದ್ದು ಈ ಸ್ಪರ್ಧೆಯೇ ಎಂಬ ವಾದ. ಇದನ್ನು ಕೇಳುವಾಗ ನನಗೆ ಆಗುವ ನೋವು ಉಳಿದ ವಾದಗಳಿಂದ ಆಗುವುದಿಲ್ಲ. ಕನ್ನಡ ಲಿಪಿಯು 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿತ್ತು. ಆಂಡ್ರಾಯ್ಡಿನಲ್ಲಿ ಕನ್ನಡದ ಅಕ್ಷರಗಳು ಒಡೆಯದೆ ಮೂಡಲು 2012 ಬರಬೇಕಾಯಿತು. ಅದರ ಆದೇಶಪಟ್ಟಿಗಳು ಕನ್ನಡದಲ್ಲಿ ಬರಲು 2014 ಬೇಕಾಯಿತು. 2007ರಲ್ಲಿ ಹುಟ್ಟಿದ ಐಫೋನಿಗೆ ಕನ್ನಡದ ಕೀಲಿಮಣೆ ಬಂದದ್ದು 2017ರಲ್ಲಿ. ವ್ಯವಸ್ಥೆಯೇ ಕನ್ನಡದಲ್ಲಿ ಮಾತನಾಡಿದ್ದು 2025ರಲ್ಲಿ. ಕೋಟಿಗಟ್ಟಲೆ ಜನರ ನುಡಿಯನ್ನು ಹದಿನೆಂಟು ವರ್ಷ ಬಾಗಿಲಲ್ಲಿ ನಿಲ್ಲಿಸಿದ ಸ್ಪರ್ಧೆಯನ್ನು ನಾವು ಉಪಕಾರವೆಂದು ಕೊಂಡಾಡಬೇಕೆ? ಭಾರತದಲ್ಲಿ ಮಾರುವ ಪ್ರತಿ ಮೊಬೈಲಿನಲ್ಲಿಯೂ ದೇಶದ ಎಲ್ಲ ಅಧಿಕೃತ ಭಾಷೆಗಳ ಸಂದೇಶ ಓದಲು ಬರಬೇಕೆಂಬ ಕಟ್ಟಳೆಯನ್ನು 2016ರಲ್ಲಿ ಹೊರಡಿಸಿದ್ದು ಕೇಂದ್ರ ಸರಕಾರ. ಅದಕ್ಕೂ ಮುಂಚೆ, ಗಣಕದಲ್ಲಿ ಕನ್ನಡಕ್ಕೆ ನೆಲೆ ಕಟ್ಟಿದವರು ಕೆ. ಪಿ. ರಾವ್ ಅವರಂಥವರು, ನುಡಿ ತಂತ್ರಾಂಶವನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನವರು. ಇದೇ ಬೆಟ್ಟಸಾಲಿನ ಆಚೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳ ಎಷ್ಟೋ ಶಕ್ತಿಯನ್ನು ಕನ್ನಡ ತಂತ್ರಾಂಶಕ್ಕಾಗಿ ಸರಕಾರದೊಡನೆಯೂ ವಿದ್ವಾಂಸರೊಡನೆಯೂ ಸೆಣಸುವುದರಲ್ಲಿ ವ್ಯಯಿಸಿದರು. ಯಾವ ಸಂಸ್ಥೆಯ ಲಾಭದ ಲೆಕ್ಕವೂ ಇವರನ್ನು ಪ್ರೇರಿಸಲಿಲ್ಲ.

ಸ್ವಂತ ವ್ಯವಸ್ಥೆಯನ್ನು ಕಟ್ಟುವುದು ನಮ್ಮಂಥವರಿಗೆ ಅಸಾಧ್ಯವೆನ್ನುವವರು ಸಿಂಪ್ಯೂಟರಿನ ಚರಿತ್ರೆಯನ್ನು ಓದಲಿ. ಅದರ ಹೆಸರು ಇಂದಿನ ತರುಣರಿಗೆ ಅಪರಿಚಿತವಾಗಿದ್ದರೆ ತಪ್ಪು ಅವರದಲ್ಲ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮೊದಲಾದ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ 1999ರಲ್ಲಿ ಒಂದು ನ್ಯಾಸವನ್ನು ರಚಿಸಿ, 2001ರ ಏಪ್ರಿಲ್ 25ರಂದು ಅಂಗೈ ಅಗಲದ ಗಣಕವೊಂದನ್ನು ಲೋಕದ ಮುಂದಿಟ್ಟರು. ಅದು ನಡೆಯುತ್ತಿದ್ದುದು ಮುಕ್ತ ಲಿನಕ್ಸ್ ವ್ಯವಸ್ಥೆಯ ಮೇಲೆ. ಅಕ್ಷರ ಬಾರದವರಿಗಾಗಿ ಅದು ಭಾರತೀಯ ಭಾಷೆಗಳಲ್ಲಿ ಬರಹವನ್ನು ಓದಿ ಹೇಳುತ್ತಿದ್ದಿತು, ಅವುಗಳಲ್ಲಿ ಕನ್ನಡವೂ ಇದ್ದಿತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಪ್ರತಿಯೊಬ್ಬನ ವಿವರವನ್ನು ಕಾಪಿಡುವ ಕಾರ್ಡಿನ ಏರ್ಪಾಡಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರು ಕೈಯ ಓಲಾಟವನ್ನು ಗ್ರಹಿಸಬಲ್ಲದಾಗಿತ್ತು. ಐಫೋನ್ ಹುಟ್ಟಲು ಆಗ ಇನ್ನೂ ಮೂರು ವರ್ಷವಿದ್ದಿತು. ಕರ್ನಾಟಕ ಸರಕಾರವು ಭೂದಾಖಲೆಯ ಕೆಲಸದಲ್ಲಿ ಅದನ್ನು ಬಳಸಿಯೂ ನೋಡಿತು. ಬಳಿಕ ಆದದ್ದೇನು? ಮಾರಾಟವಾದವು ಕೆಲವೇ ಸಾವಿರ. ಅದು ಬೆಲೆಯಲ್ಲಿ ಸೋತಿತು, ಬಣ್ಣದ ತೆರೆಯಲ್ಲಿ ಸೋತಿತು ಎಂದು ಪಟ್ಟಿ ಮಾಡುವುದು ಕಷ್ಟವಲ್ಲ. ಶಾಲೆ, ಆಸ್ಪತ್ರೆ, ನಾಡಕಚೇರಿಗಳಿಗೆಂದು ಲಕ್ಷಗಟ್ಟಲೆ ಕೊಳ್ಳಬಲ್ಲವನು ದೇಶದಲ್ಲಿ ಒಬ್ಬನೇ ಇದ್ದನು, ಅವನು ಸರಕಾರ, ಅವನು ಕೊಳ್ಳಲಿಲ್ಲ. ತನ್ನ ನಾಡಿನ ವಿಜ್ಞಾನಿಗಳು ಬಡವನಿಗಾಗಿ ಕಟ್ಟಿದ ಯಂತ್ರವನ್ನು ಮಾರುಕಟ್ಟೆಯ ಬಯಲಿನಲ್ಲಿ ಒಂಟಿಯಾಗಿ ಬಿಟ್ಟು, ಹತ್ತು ವರ್ಷಗಳ ತರುವಾಯ ಪರರ ವ್ಯವಸ್ಥೆಯ ಬಾಗಿಲಿಗೆ ಪ್ರಜೆಗಳನ್ನೆಲ್ಲ ಸಾಲಾಗಿ ಕಳುಹಿಸುವುದು ಯಾವ ನೀತಿ?

ಸಕಲೇಶಪುರದ ಬೆಳೆಗಾರರಿಗೆ ನಾನು ಬೇರೆಯಾಗಿಯೇ ಒಂದು ಮಾತು ಕೇಳಬೇಕಾಗಿದೆ. 1940ರ ದಶಕದಿಂದ ನಿಮ್ಮ ಹಿರಿಯರು ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದರು; ಕೊಳ್ಳುವವನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬೆಳೆದವನಿಗೆ ಇರಬೇಕೆಂದು ನೀವು ಹೋರಾಡಿದಿರಿ; 1992ರಿಂದ ಹಂತಹಂತವಾಗಿ ಸಡಿಲಗೊಂಡ ಆ ಕಟ್ಟು 1996ರ ಹೊತ್ತಿಗೆ ಬಿಚ್ಚಿಹೋಯಿತು. ಒಂದೇ ಬಾಗಿಲಿನ ಕಷ್ಟವನ್ನು ನಿಮ್ಮಷ್ಟು ಬಲ್ಲವರು ಈ ನಾಡಿನಲ್ಲಿ ಯಾರಿದ್ದಾರೆ? ಆ ಮಂಡಳಿಯಾದರೂ ಸಂಸತ್ತಿಗೆ ಉತ್ತರ ಕೊಡಬೇಕಾದ ಸಂಸ್ಥೆಯಾಗಿತ್ತು. ಇಂದು ನಿಮ್ಮ ಮಗ ಆ್ಯಪೊಂದನ್ನು ಬರೆದು ಮಾರಲು ಹೊರಟರೆ ನೂರಕ್ಕೆ ಹದಿನೈದರಿಂದ ಮೂವತ್ತು ರೂಪಾಯಿಯನ್ನು ಬಾಗಿಲು ಕಾಯುವವನಿಗೆ ತೆರಬೇಕಾಗುವ ಮಾರುಕಟ್ಟೆಯನ್ನು ನೋಡಿಯೂ, ಅಲ್ಲಿ ನಡೆಯುತ್ತಿರುವುದು ಮುಕ್ತ ಸ್ಪರ್ಧೆಯೆಂದು ನೀವು ತಲೆದೂಗುವುದು ಹೇಗೆ?

ದಾರಿ ಇಲ್ಲವೆನ್ನುವ ಹಾಗಿಲ್ಲ, ಏಕೆಂದರೆ ದಾರಿಯು ನಮ್ಮ ಕಣ್ಣೆದುರಿಗೇ ಇದೆ. 2018ರ ಡಿಸೆಂಬರಿನಲ್ಲಿ ಕಾಫಿ ಮಂಡಳಿಯು ಆರಂಭಿಸಿದ ಕೃಷಿ ತರಂಗ ಸೇವೆಯು ಮೊದಲ ಹೆಜ್ಜೆಯಾಗಿ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ 30,000 ಬೆಳೆಗಾರರನ್ನು ಗುರಿಯಾಗಿಟ್ಟುಕೊಂಡಿತು; ಬೋರರ್ ಹುಳುವಿಗೆ ಏನು ಮಾಡಬೇಕು, ಗೊಬ್ಬರ ಯಾವಾಗ ಹಾಕಬೇಕು ಎಂಬುದನ್ನು ಕನ್ನಡದ ದನಿಯಲ್ಲಿ, ಸಾಮಾನ್ಯ ಫೋನ್ ಕರೆಯಲ್ಲಿ ತಿಳಿಸಿತು. ಅದಕ್ಕೆ ಯಾವ ವ್ಯವಸ್ಥೆಯ ಅಪ್ಪಣೆಯೂ ಬೇಕಾಗಲಿಲ್ಲ. ಹಣ ಕಳುಹಿಸಲು *99# ಎಂದು ಒತ್ತಿದರೆ ಸಾಕೆನ್ನುವ ಸೇವೆಯಿದೆ. 2022ರ ಮಾರ್ಚ್ 8ರಂದು ರಿಸರ್ವ್ ಬ್ಯಾಂಕು ಕೀಪ್ಯಾಡ್ ಫೋನುಗಳಿಗಾಗಿಯೇ ಯುಪಿಐ 123ಪೇ ಎಂಬುದನ್ನು ಹೊರತಂದಿತು. ಸಾರ್ವಜನಿಕ ಸಂಸ್ಥೆಯೊಂದು ಮನಸ್ಸು ಮಾಡಿದರೆ ವ್ಯವಸ್ಥೆಗಳ ಕಾಳಗದಿಂದ ಪ್ರಜೆಯನ್ನು ಹೊರಗಿರಿಸಿ ಕಾಪಾಡಬಲ್ಲದೆಂಬುದಕ್ಕೆ ಇನ್ನೆಷ್ಟು ಸಾಕ್ಷ್ಯ ಬೇಕು? ಇವು ಅಲ್ಲೊಂದು ಇಲ್ಲೊಂದು ಅಪವಾದಗಳಾಗಿ ಉಳಿದು, ಆ್ಯಪ್ ಮಾತ್ರವೇ ನಿಯಮವಾಗಿರುವುದು ನಮ್ಮ ಆಡಳಿತದ ಸೋಮಾರಿತನ.

ಆದುದರಿಂದ ಶಾಸನಸಭೆಯು ಒಂದು ಕಾನೂನನ್ನು ಮಾಡಬೇಕು; ಸುತ್ತೋಲೆಯಿಂದ ಈ ಕೆಲಸ ಆಗದು. ಕರ್ನಾಟಕ ಸರಕಾರದ ಯಾವುದೇ ಸೇವೆಯು ಮೊದಲು ಫೋನ್ ಕರೆಯಲ್ಲಿ, ಎಸ್ಸೆಮ್ಮೆಸ್ಸಿನಲ್ಲಿ, ಯಾವ ಬ್ರೌಸರಿನಲ್ಲಿಯೂ ತೆರೆಯುವ ಸರಳ ಪುಟದಲ್ಲಿ ಕನ್ನಡದಲ್ಲಿ ದೊರೆಯತಕ್ಕದ್ದು. ಆ್ಯಪ್ ಬೇಕಾದರೆ ಆಮೇಲೆ ಬರಲಿ. ಬಂದ ಆ್ಯಪ್ ಸರಕಾರದ ಸ್ವಂತ ತಾಣದಿಂದಲೂ ಸಿಗಬೇಕು, ಅದರ ಮೂಲ ತಂತ್ರಾಂಶ ಎಲ್ಲರಿಗೂ ತೆರೆದಿರಬೇಕು, ಎಂಟು ವರ್ಷ ಹಳೆಯ ಫೋನಿನಲ್ಲಿಯೂ ಅದು ನಡೆಯಬೇಕು. ಅಂಗನವಾಡಿಗೋ ನಾಡಕಚೇರಿಗೋ ಸಾರ್ವಜನಿಕ ಹಣದಿಂದ ಫೋನು ಕೊಳ್ಳುವಾಗ ಐದು ವರ್ಷಗಳ ಪರಿಷ್ಕಾರದ ಲಿಖಿತ ಭರವಸೆ ಕೊಡದ ತಯಾರಕನಿಂದ ಒಂದನ್ನೂ ಕೊಳ್ಳಕೂಡದು. ಆನೆಯ ಎಚ್ಚರಿಕೆಯನ್ನಂತೂ ಖಾಸಗಿ ಸಂಸ್ಥೆಯ ಗುಂಪುಗಳಿಗೆ ಒಪ್ಪಿಸಿ ನೆಮ್ಮದಿಯಾಗಿರುವುದು ಇಂದಿಗೇ ನಿಲ್ಲಬೇಕು. ಆಲೂರು, ಸಕಲೇಶಪುರ ತಾಲೂಕುಗಳ ಪ್ರತಿ ಲೈನ್ ಮನೆಯ ಪ್ರತಿ ಸಂಖ್ಯೆಗೂ ಅದು ದನಿಯ ಕರೆಯಾಗಿ ಹೋಗಬೇಕು, ಅಸ್ಸಾಮಿನಿಂದ ದುಡಿಯಲು ಬಂದವರಿಗೆ ಅವರ ಭಾಷೆಯಲ್ಲಿ ಹೋಗಬೇಕು. ಮುಕ್ತ ವ್ಯವಸ್ಥೆಯೊಂದನ್ನು ಕನ್ನಡದಲ್ಲಿ ಬೆಳೆಸುವ ಹೊಣೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಹೊರಬೇಕು, ಅದಕ್ಕೆ ಸರಕಾರ ಮೊದಲ ಗಿರಾಕಿಯಾಗಬೇಕು.

ಸಕಲೇಶಪುರದಲ್ಲಿ ನೆಲೆಯಾಗಿರುವ ಬೆಳೆಗಾರರ ಒಕ್ಕೂಟವೂ, ಕೂಲಿಕಾರ್ಮಿಕರ ಸಂಘಗಳೂ, ಎರಡೂ ತಾಲೂಕುಗಳ ಪಂಚಾಯಿತಿಗಳೂ ಈ ಬೇಡಿಕೆಗಳನ್ನು ನಿರ್ಣಯವಾಗಿ ಬರೆದು ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಒಪ್ಪಿಸಲಿ. ಮುಂಗಾರಿನೊಡನೆ ಬೆಳೆ ಸಮೀಕ್ಷೆ ಮತ್ತೆ ಬರಲಿದೆ. ಕೀಪ್ಯಾಡ್ ಫೋನ್ ಹಿಡಿದ ಹೆತ್ತೂರಿನ ರೈತನು ತನ್ನ ಬೆಳೆಯನ್ನು ಯಾರ ಹಂಗೂ ಇಲ್ಲದೆ ತಾನೇ ಹೇಗೆ ದಾಖಲಿಸಬೇಕೆಂಬುದನ್ನು ಅದಕ್ಕೆ ಮುಂಚೆಯೇ ಸರಕಾರ ಲಿಖಿತವಾಗಿ ತಿಳಿಸಲಿ; ತಿಳಿಸದಿದ್ದರೆ, ಅಂಥ ದಾರಿಯೊಂದು ತೆರೆಯುವವರೆಗೂ ತಮ್ಮ ಊರುಗಳಲ್ಲಿ ಆ ಆ್ಯಪಿನ ಸಮೀಕ್ಷೆ ನಡೆಯಕೂಡದೆಂದು ಗ್ರಾಮಸಭೆಗಳು ತೀರ್ಮಾನಿಸಲಿ.